ಸೀತು ಹೇಳಿದ ಮಾತು

ಕಿಟಕಿಯ ಸರಳುಗಳ ನಡುವಿನಿಂದ ಅರ್ಜಿಯನ್ನು ಒಳಗೆ ತಳ್ಳಿದ ಕೈಯನ್ನಷ್ಟೇ ಯಜ್ಞೇಶ್ವರ ಮೊದಲು ನೋಡಿದ್ದು. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಹೊಲಿಗೆಯ ಕೈ ಎಂದುಕೊಂಡ. ಬೆಳಗಿನಿಂದ ಎಷ್ಟೋ ಕೈಗಳು ಆ ಕಿಟಕಿಯೊಳಗೆ ಬಂದು ಹೋಗಿದ್ದವು. ಕೋರ್ಟಿನ ನಕಲು ವಿಭಾಗದ ಗುಮಾಸ್ತನಿಗೆ ಮುಖಗಳು ಬೇಕಾಗುವುದಿಲ್ಲ, ಕೇಸಿನ ನಂಬರು ಸಾಕು. ಅಂಟಿನ ಬಾಟಲಿಯ ಮುಚ್ಚಳ ಒಣಗಿ ಕಚ್ಚಿಕೊಂಡಿತ್ತು. ಅದನ್ನು ತಿರುಗಿಸುತ್ತಲೇ ಅರ್ಜಿಯ ಮೇಲೆ ಕಣ್ಣಾಡಿಸಿದ. ಐವತ್ತೇಳನೆಯ ಇಸವಿಯ ಗಾರ್ಡಿಯನ್ ಕೇಸು. ಅರ್ಜಿದಾರ ಮರ್ಕಂಜದ ಬೆಳ್ಯಪ್ಪ ಗೌಡ, ಎದುರುದಾರಳು ಕೋಡಿಂಬಾಳದ ಪೂವಕ್ಕ. ಬೇಕಾದದ್ದು ಅಪ್ರಾಪ್ತ ಬಾಲಕಿ ಸೀತು ಕೊಟ್ಟ ಹೇಳಿಕೆಯ ನಕಲು. ಕೆಳಗೆ, ಶಾಲೆಯ ಗುಂಡು ಅಕ್ಷರದಲ್ಲಿ, ಅದೇ ಹೆಸರಿನ ಸಹಿ. ಮುಚ್ಚಳ ತಟ್ಟನೆ ಬಿಟ್ಟುಕೊಂಡು ಅಂಟು ಅವನ ಅಂಗೈಗೆ ಚೆಲ್ಲಿತು.

"ನೀವೇ ಪಾರ್ಟಿಯಾ?" ಎಂದು ತಲೆ ಎತ್ತದೆ ಕೇಳಿದ.

"ಪಾರ್ಟಿ ಅಲ್ಲ ಸಾರ್. ಆ ಹುಡುಗಿ ನಾನೇ. ಈಗ ಹದಿನೆಂಟು ಆಯ್ತು. ಅವತ್ತು ನಾನು ಹೇಳಿದ್ದು ಎಂತ ಅಂತ ಬರ್ದುಂಟಲ್ಲ, ಅದನ್ನು ನೋಡ್ಬೇಕಿತ್ತು."

ತಲೆ ಎತ್ತಿದರೆ ಅವಳು ಗುರುತು ಹಿಡಿಯುತ್ತಾಳೆ ಎಂಬ ಭಯ ಅವನನ್ನು ಒಂದು ಗಳಿಗೆ ಹಿಡಿದುಕೊಂಡಿತು. ಮರುಗಳಿಗೆಯಲ್ಲೇ ಅದು ಎಂಥ ಮೂರ್ಖತನ ಎನಿಸಿತು. ಆಗ ಅವನಿಗೆ ತಲೆ ತುಂಬ ಕೂದಲಿತ್ತು, ಮೈಮೇಲೆ ಕರಿ ಕೋಟಿತ್ತು. ಅವಳಿಗೆ ಒಂಬತ್ತು ವರ್ಷ. ಒಂಬತ್ತು ವರ್ಷದ ಮಕ್ಕಳು ದೊಡ್ಡವರ ಮುಖವನ್ನು ಕೆಳಗಿನಿಂದ, ಗದ್ದ ಮತ್ತು ಮೂಗಿನ ಹೊಳ್ಳೆಗಳಾಗಿ ನೋಡುತ್ತಾರೆ. ಅವನು ತಲೆ ಎತ್ತಿದ. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಅವನ ಹಿಂದೆ, ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಡತಗಳ ರಾಶಿಯನ್ನು, ಅಲ್ಲಿ ಎಲ್ಲೋ ತಾನು ಇದ್ದೇನೆ ಎನ್ನುವ ಹಾಗೆ ನೋಡುತ್ತಿದ್ದಳು.

ಅರ್ಜಿಯಲ್ಲಿ ಉದ್ದೇಶ ಎಂಬಲ್ಲಿ ಖಾಲಿ ಬಿಟ್ಟಿದ್ದಳು. ಅದನ್ನು ಕೇಳಲೇಬೇಕೆಂದೇನೂ ಇರಲಿಲ್ಲ. ಎಷ್ಟೋ ಅರ್ಜಿಗಳಲ್ಲಿ ಅವನೇ 'ಸ್ವಂತ ಉಪಯೋಗಕ್ಕೆ' ಎಂದು ಗೀಚಿಬಿಡುತ್ತಿದ್ದ. ಆದರೂ ಕೇಳಿದ. "ಎಂತಕ್ಕೆ ಬೇಕಾದ್ದು ಅಂತ ಬರೀಲಿಲ್ಲ."

"ಅಪ್ಪೆಗೆ ತೋರಿಸ್ಲಿಕ್ಕೆ," ಎಂದಳು. ಆಮೇಲೆ, ಇವನಿಗೆ ಹೇಗೆ ಗೊತ್ತಾಗಬೇಕು ಎಂದುಕೊಂಡವಳಂತೆ ಬಿಡಿಸಿ ಹೇಳಿದಳು. "ಹೆತ್ತವಳಲ್ಲ ಸಾರ್, ಸಾಕಿದವಳು. ಪೂವಕ್ಕ. ಕೋಡಿಂಬಾಳದಲ್ಲಿ ಚಾಪೆ ಹೆಣೆಯುದು. ಹೋದ ತಿಂಗಳು ಹೋಗಿದ್ದೆ ನೋಡ್ಲಿಕ್ಕೆ. ಅಪ್ಪಯ್ಯ ಇಷ್ಟು ವರ್ಷ ಬಿಡ್ಲಿಲ್ಲ, ಹದಿನೆಂಟಾಗ್ಲಿ, ಮತ್ತೆ ನಿನ್ನ ಇಷ್ಟ ಅಂತ ಹೇಳ್ತಿದ್ರು. ಓಡಿಕೊಂಡು ಹೋದೆ. ಅವರು ಚಾಪೆ ಹಾಸಿ ಕೂರ್ಸಿದ್ರು. ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು ತಂದು ಮುಂದೆ ಇಟ್ರು." ಅವಳು ನಿಲ್ಲಿಸಿದಳು. "ನೆಂಟರಿಗೆ ಕೊಡ್ತಾರಲ್ಲ, ಹಾಗೆ."

ಯಜ್ಞೇಶ್ವರ ಅಂಗೈಯ ಅಂಟನ್ನು ಒರೆಸಲು ಕಾಗದ ಹುಡುಕುತ್ತಿದ್ದ.

"ನಾನು ಜಡ್ಜಿಯವರ ಎದುರು ಅಪ್ಪಯ್ಯನ ಜೊತೆ ಹೋಗ್ತೇನೆ ಅಂತ ಹೇಳಿದ್ದಂತೆ. ಎಲ್ಲರೂ ಹಾಗೇ ಹೇಳುದು. ಅದೇ ನೋವು ಅಪ್ಪೆಗೆ, ನನಗೆ ಗೊತ್ತುಂಟು. ಆದ್ರೆ ನಾನು ಅಷ್ಟೇ ಹೇಳಿದ್ದಲ್ಲ ಸಾರ್. ನನ್ನ ನೆನಪು ಬೇರೆಯೇ ಉಂಟು."

"ಹಳೇ ಕೇಸು," ಎಂದ ಯಜ್ಞೇಶ್ವರ. ಧ್ವನಿ ಎಂದಿನ ಹಾಗೆಯೇ ಇತ್ತು, ಅದೇ ಅವನಿಗೆ ಆಶ್ಚರ್ಯ. "ರೆಕಾರ್ಡು ರೂಮಿನಿಂದ ಹುಡುಕಿ ತೆಗೀಬೇಕು. ಬರುವ ಮಂಗಳವಾರ ಬನ್ನಿ."

ಹುಡುಕಬೇಕಾದ್ದೇನೂ ಇರಲಿಲ್ಲ. ಬಲಗಡೆಯ ಕಪಾಟು, ಕೆಳಗಿನಿಂದ ಎರಡನೆಯ ಸಾಲು, ಗೋಡೆಯ ಬದಿ. ಇಷ್ಟು ವರ್ಷಗಳಲ್ಲಿ ಕಣ್ಣು ಮುಚ್ಚಿದರೂ ಕೈ ಹೋಗುವಷ್ಟು ಅದು ಅವನಿಗೆ ಗೊತ್ತಿತ್ತು. ಹಾಗಾಗಿಯೇ ಒಮ್ಮೆಯೂ ಕೈ ಹೋಗಿರಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮೊಸರನ್ನ ಹುಳಿ ಬಂದಿತ್ತು. ಪ್ಯೂನ್ ಮೊಯ್ದಿನಬ್ಬ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಯಾರಿಗೋ ಬೈಯುತ್ತಿದ್ದ. ಯಜ್ಞೇಶ್ವರ ಒಂದು ತುತ್ತು ಕಲಸಿ ಹಾಗೆಯೇ ಕುಳಿತ. ಆ ದಿನವೂ ಊಟದ ಹೊತ್ತೇ ಮೀರಿತ್ತು. ಜಡ್ಜಿ ಹೊಸಬರು, ಧಾರವಾಡದ ಕಡೆಯವರು. ರಾಜ್ಯ ಒಂದಾದ ಮೇಲೆ ಮೊದಲ ವರ್ಗಾವಣೆಯಲ್ಲೇ ಪುತ್ತೂರಿಗೆ ಬಂದವರು. ಇಲ್ಲಿನ ಸೆಕೆ, ಕುಚ್ಚಲಕ್ಕಿ, ಸಾಕ್ಷಿಗಳ ತುಳು ಯಾವುದೂ ಅವರಿಗೆ ಒಗ್ಗಿರಲಿಲ್ಲ. ಬೆಂಚ್ ಕ್ಲಾರ್ಕ್ ಆಗಿದ್ದ ಯಜ್ಞೇಶ್ವರನೇ ತುಳುವನ್ನು ಕನ್ನಡ ಮಾಡಿ ಹೇಳಬೇಕು, ಅವರು ಅದನ್ನು ಇಂಗ್ಲಿಷಿನಲ್ಲಿ ಟೈಪಿಸ್ಟಿಗೆ ಬರೆಸುತ್ತಿದ್ದರು. ಕೇಸು ಬಹಳ ಸರಳವಿತ್ತು. ಬೆಳ್ಯಪ್ಪ ಗೌಡ ಕೊಡಗಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಹೆಂಡತಿ ತವರಾದ ಕೋಡಿಂಬಾಳಕ್ಕೆ ಹೆರಿಗೆಗೆ ಬಂದವಳು, ಹೆತ್ತ ಹನ್ನೊಂದನೆಯ ದಿನ ತೀರಿಕೊಂಡಳು. ನೆರೆಯ ಪೂವಕ್ಕನ ಸ್ವಂತ ಕೂಸು ಅದೇ ವಾರ ಸತ್ತು ಎದೆಯಲ್ಲಿ ಹಾಲು ಕಟ್ಟಿತ್ತು. ಮಗುವನ್ನು ಅವಳ ಮಡಿಲಲ್ಲಿಟ್ಟು ಬೆಳ್ಯಪ್ಪ ಎಸ್ಟೇಟಿಗೆ ಮರಳಿದ. ವರ್ಷಕ್ಕೊಮ್ಮೆ ಬಂದು ನೋಡುತ್ತಿದ್ದ, ಬಟ್ಟೆ ತರುತ್ತಿದ್ದ. ಒಂಬತ್ತನೆಯ ವರ್ಷ ಮರುಮದುವೆಯಾಗಿ ಮರ್ಕಂಜದಲ್ಲಿ ಮನೆ ಮಾಡಿ, ಮಗಳನ್ನು ಕೊಡು ಎಂದು ಬಂದು ನಿಂತ. ಪೂವಕ್ಕ ಕೊಡಲಿಲ್ಲ. ಹಾಲು ಕುಡಿಸಿದವಳಿಗೆ ಕಾನೂನಿನಲ್ಲಿ ಹೆಸರೇ ಇರಲಿಲ್ಲ. ಕಾಗದಗಳಲ್ಲೆಲ್ಲ ಅವಳು ಬರೀ ಎದುರುದಾರಳು. ಅವಳ ಪಾಲಿಗೆ ಕಾನೂನು ಬಿಟ್ಟಿದ್ದ ಸಂದು ಒಂದೇ. ಅದನ್ನು ಜಡ್ಜಿಯವರೇ ಬೆಳಿಗ್ಗೆ ವಕೀಲರಿಗೆ ಹೇಳಿದ್ದರು. "ಹಡೆದ ತಂದೀನಽ ಪಾಲಕ, ಖರೆ. ಆದ್ರ ಹುಡುಗಿಗೆ ತಿಳವಳಿಕಿ ಬಂದಿದ್ರ ಆಕಿ ಮನಸ್ಸೂ ಕೇಳಬೇಕು ಅಂತ ಕಾಯ್ದೆ ಅದ. ಆಕಿನ್ನ ಕರೀರಿ."

ಪೂವಕ್ಕನ ವಕೀಲರು ಊಟಕ್ಕೆ ಹೋದವರು ಬಂದಿರಲಿಲ್ಲ. ಹುಡುಗಿಯನ್ನು ಮೊಯ್ದಿನಬ್ಬ ಎತ್ತಿ ಸಾಕ್ಷಿಕಟ್ಟೆಯ ಒಳಗೆ ನಿಲ್ಲಿಸಿದ. ಕಟಕಟೆಯ ಮೇಲೆ ಅವಳ ಹಣೆ ಮತ್ತು ಕಣ್ಣು ಮಾತ್ರ ಕಾಣುತ್ತಿದ್ದವು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಅಪ್ಪ ಕೊಡಗಿನಿಂದ ತಂದ ಹಳದಿ ಫ್ರಾಕು. ಜಡ್ಜಿ ಮೃದುವಾಗಿಯೇ ಕೇಳಿದರು, ಇಲ್ಲಿ ಯಾರ ಜೊತೆ ಬಂದೆ ಎಂದು. ಅವಳು ಪಿಸುಗುಟ್ಟಿದಳು. ಅದರಲ್ಲಿ 'ಅಮ್ಮೆರ್' ಎಂಬ ಶಬ್ದ ಜಡ್ಜಿಯವರ ಕಿವಿಗೆ ಬಿತ್ತು. "ಅವ್ವನ ಕೂಡ ಬಂದೆ ಅಂದ್ಲಲ್ಲ?" ಎಂದರು. ಯಜ್ಞೇಶ್ವರ ಎದ್ದು, "ಇಲ್ಲ ಸ್ವಾಮಿ, ತುಳುವಿನಲ್ಲಿ ಅಮ್ಮೆ ಅಂದ್ರೆ ತಂದೆ. ಅಪ್ಪೆ ಅಂದ್ರೆ ತಾಯಿ. ಇಬ್ಬರ ಜೊತೆಯೂ ಬಂದೆ ಅಂತ ಹೇಳ್ತಾಳೆ," ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಎಳೆಯ ವಕೀಲರೊಬ್ಬರು, "ಈ ಊರಲ್ಲಿ ಎಲ್ಲ ಉಲ್ಟಾವೇ ಮಾರಾಯ್ರೆ," ಎಂದು ಸಾಕಷ್ಟು ಗಟ್ಟಿಯಾಗಿಯೇ ಅಂದರು. ನಗೆ ಹಬ್ಬಿತು. ಜಡ್ಜಿಯವರ ಕಿವಿ ಕೆಂಪಾಯಿತು. ನಕ್ಕವರನ್ನು ಬಿಟ್ಟು ಅವರು ಯಜ್ಞೇಶ್ವರನತ್ತ ತಿರುಗಿದರು. "ನನಗ ನಿಮ್ಮ ಭಾಷಾದ ಪಾಠ ಬ್ಯಾಡ್ರಿ. ಆಕಿ ಏನಂತಾಳ, ಅಷ್ಟು ಹೇಳ್ರಿ. ಉದ್ದ ಮಾಡಬ್ಯಾಡ್ರಿ. ತಿಳೀತಿಲ್ಲೋ?"

ತಿಳಿಯಿತು ಸ್ವಾಮಿ ಎಂದಿದ್ದ. ಮೂವತ್ತೆಂಟು ವರ್ಷದ ಗಂಡಸು, ಎರಡು ಮಕ್ಕಳ ತಂದೆ, ಕೆನ್ನೆಗೆ ಹೊಡೆಸಿಕೊಂಡ ಹಾಗೆ ನಿಂತಿದ್ದ. ಆ ಬಿಸಿ ಕುತ್ತಿಗೆಯಿಂದ ಇಳಿಯುವ ಮೊದಲೇ ಮುಂದಿನ ಪ್ರಶ್ನೆ ಬಂತು: ಯಾರ ಕೂಡ ಇರ್ತಿ? ಅವನು ತುಳುವಿನಲ್ಲಿ ಕೇಳಿದ. ಹುಡುಗಿ ಕಟಕಟೆಯ ಸಂದಿನಿಂದ ಕೈ ಚಾಚಿ ಅವನ ಕೋಟಿನ ಅಂಚು ಹಿಡಿದು ಎಳೆದಳು. ಅವನು ಬಾಗಿದ. ಕಿವಿಯ ಹತ್ತಿರ ಬಿಸಿಯುಸಿರು, ಕೊಬ್ಬರಿ ಎಣ್ಣೆಯ ವಾಸನೆ. "ಅಮ್ಮೆರೆನೊಟ್ಟುಗು ಪೋಪೆ. ಆಂಡ ಅಪ್ಪೆಲಾ ಬರೊಡು. ಅಪ್ಪೆ ಬರಂದೆ ಯಾನ್ ಪೋಪುಜಿ." ಅಪ್ಪನ ಜೊತೆ ಹೋಗುತ್ತೇನೆ. ಆದರೆ ಅಮ್ಮನೂ ಬರಬೇಕು. ಅಮ್ಮ ಬಾರದೆ ನಾನು ಹೋಗುವುದಿಲ್ಲ. ಅವನು ನೆಟ್ಟಗಾದ. "ತಂದೆಯ ಜೊತೆ ಹೋಗ್ತೇನೆ ಅಂತ ಹೇಳ್ತಾಳೆ ಸ್ವಾಮಿ," ಎಂದ. ಉಳಿದದ್ದನ್ನು ಹೇಳಲು ಉಸಿರು ಎಳೆದುಕೊಂಡ. ಅಷ್ಟರಲ್ಲಿ ಜಡ್ಜಿ, "ಮುಗೀತಲ್ಲ," ಎಂದು ಟೈಪಿಸ್ಟನ ಕಡೆ ತಿರುಗಿ ಬರೆಸತೊಡಗಿದರು. ಯಂತ್ರ ಟಕಟಕ ಎಂದಿತು. ಸ್ವಾಮಿ, ಇನ್ನೂ ಉಂಟು. ಇಷ್ಟು ಹೇಳಿದ್ದರೆ ಸಾಕಿತ್ತು. ಅವನು ಎಳೆದುಕೊಂಡ ಉಸಿರನ್ನು ಮೆಲ್ಲಗೆ, ಸದ್ದಾಗದಂತೆ ಬಿಟ್ಟ.

"ರಾಯರೇ, ಕಾಗೆ!" ಎಂದು ಮೊಯ್ದಿನಬ್ಬ ಹೊರಗಿನಿಂದ ಕೂಗಿದ. ಬುತ್ತಿಯ ಅಂಚಿನಲ್ಲಿ ಕುಳಿತ ಕಾಗೆ ಒಂದು ಅಗುಳು ಕಚ್ಚಿಕೊಂಡು ಹಾರಿತು. ಯಜ್ಞೇಶ್ವರ ಬುತ್ತಿ ಮುಚ್ಚಿದ.

ಅವನಿಗೆ ನೆನಪಾಗುವುದು ತಪ್ಪಿಗಿಂತ ಹೆಚ್ಚು ಆಮೇಲಿನದು. ಆದೇಶವಾಗಿ, ಬೆಳ್ಯಪ್ಪ ಹುಡುಗಿಯ ಕೈ ಹಿಡಿದು ಕೋರ್ಟಿನ ಮೆಟ್ಟಿಲಿಳಿದ. ಒರಟು ಮನುಷ್ಯನಲ್ಲ, ಹೆಜ್ಜೆಯನ್ನು ಅವಳ ಹೆಜ್ಜೆಗೆ ಸರಿಯಾಗಿ ಚಿಕ್ಕದು ಮಾಡಿಕೊಂಡಿದ್ದ. ಹುಡುಗಿ ಅಳುತ್ತಿರಲಿಲ್ಲ. ಮತ್ತೆ ಮತ್ತೆ ಹಿಂದಿರುಗಿ ನೋಡುತ್ತಿದ್ದಳು, ಪೂವಕ್ಕನನ್ನಲ್ಲ, ಬಾಗಿಲಲ್ಲಿ ನಿಂತ ಇವನನ್ನು. ಹೇಳಬೇಕಾದದ್ದನ್ನೆಲ್ಲ ಇವರಿಗೆ ಹೇಳಿದ್ದಾಗಿದೆ, ಉಳಿದದ್ದು ಇನ್ನೇನು ಆಗುತ್ತದೆ ಎಂದು ಕಾಯುವವಳ ಹಾಗೆ. ರಸ್ತೆಯ ತಿರುವಿನಲ್ಲಿ ಬಸ್ಸಿನ ಹೊಗೆ ಎದ್ದಾಗಲೂ ಆ ನೋಟದಲ್ಲಿ ಅನುಮಾನವಿರಲಿಲ್ಲ.

ಆ ವಾರವೇ ಅವನು ಪರಿಚಯದ ವಕೀಲ ರಾಧಾಕೃಷ್ಣರನ್ನು ಹೋಟೆಲಿನಲ್ಲಿ ಕಂಡು, ಯಾರದೋ ಕತೆ ಎಂಬಂತೆ ಕೇಳಿದ್ದ: ಸಾಕುತಾಯಿ ಬಾರದೆ ಹೋಗುವುದಿಲ್ಲ ಎಂದು ಮಗು ಹೇಳಿದರೆ ಎಂತ ಆಗ್ತದೆ? ಏನೂ ಆಗುವುದಿಲ್ಲ, ತಂದೆ ತಂದೆಯೇ, ಎಂಬ ಉತ್ತರ ಅವನಿಗೆ ಬೇಕಿತ್ತು. ರಾಧಾಕೃಷ್ಣ ಕಾಫಿ ಆರಿಸುತ್ತ, "ಹಾಗೆ ಬಾಯಿಬಿಟ್ಟು ಹೇಳಿದ್ರೆ ಮತ್ತೆ ಕತೆಯೇ ಬೇರೆ ಮಾರಾಯ್ರೆ. ಮಗುವಿನ ಹಿತ ಮೊದಲು. ಅಲ್ಲೇ ಇರ್ಲಿ, ತಂದೆ ಬಂದು ನೋಡ್ಲಿ ಅಂತ ಮಾಡ್ತಾರೆ. ಎಷ್ಟು ಕೇಸು ಉಂಟು ಹಾಗೆ," ಎಂದರು. ಆಮೇಲೆ ಅವನು ಯಾರನ್ನೂ ಕೇಳಲಿಲ್ಲ. ಜಡ್ಜಿ ಎರಡು ವರ್ಷಕ್ಕೆ ವರ್ಗವಾಗಿ ಹೋದರು, ಇವನೇ ಕೇಳಿಕೊಂಡು ಬೆಂಚಿನಿಂದ ನಕಲು ವಿಭಾಗಕ್ಕೆ ಬಂದ. ಬಾಯಿ ತೆರೆಯದೆ ಮಾಡಬಹುದಾದ ಕೆಲಸ. ಬರೆದದ್ದನ್ನು ಬರೆದ ಹಾಗೆ ಬರೆಯುವುದು.

ಸಂಜೆ ಎಲ್ಲರೂ ಹೋದ ಮೇಲೆ ಕಡತ ತೆಗೆದ. ಕೆಂಪು ಬಟ್ಟೆಯ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಹೇಳಿಕೆ ಅರ್ಧ ಹಾಳೆಯೂ ಇರಲಿಲ್ಲ. ಹೆಸರು, ವಯಸ್ಸು, ಪ್ರಮಾಣ ಮಾಡಿಸಿಲ್ಲ. ನಾನು ತಂದೆಯ ಜೊತೆ ಹೋಗಲು ಇಚ್ಛಿಸುತ್ತೇನೆ. ಇಂಗ್ಲಿಷಿನಲ್ಲಿ ಆ ವಾಕ್ಯ ಎಷ್ಟು ನಯವಾಗಿ, ಎಷ್ಟು ಪೂರ್ಣವಾಗಿ ಕುಳಿತಿತ್ತೆಂದರೆ, ಅದರ ಮುಂದೆ ಇನ್ನೊಂದು ಮಾತಿತ್ತೆಂದು ಯಾರಿಗೂ ಅನಿಸುವಂತಿರಲಿಲ್ಲ. ಕೆಳಗೆ, 'ತುಳುವಿನಿಂದ ನಿಜವಾಗಿ ಅನುವಾದಿಸಲಾಗಿದೆ' ಎಂಬ ಸಾಲು, ಅವನ ಸಹಿ. ಸಹಿಯ ಕೊನೆಯ ಗೆರೆಯನ್ನು ಆಗ ಅವನು ಬಹಳ ಉದ್ದ ಎಳೆಯುತ್ತಿದ್ದ.

ಮನೆಯಲ್ಲಿ ಹೆಂಡತಿ ಕೌಸಲ್ಯಾ ಬಡಿಸುತ್ತ, "ಎಂತ ನೀವು, ಉಪ್ಪು ಹಾಕ್ಲಿಲ್ಲ ಅಂತಲೂ ಹೇಳದೆ ಉಣ್ತಾ ಇದ್ದೀರಿ?" ಎಂದಳು. ಅವನು ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದ. ಸಾಕು ಎನ್ನುವುದನ್ನು ಅವನು ಸೋದರಮಾವನ ಮನೆಯಲ್ಲಿ ಕಲಿತದ್ದು. ತಂದೆ ತೀರಿದ ಮೇಲೆ ಆ ಮನೆಯ ಚಾವಡಿಯಲ್ಲಿ ಹತ್ತು ವರ್ಷ. ನೆಂಟರು ಬಂದಾಗ ಯಾರಾದರೂ ಕೇಳುವುದಿತ್ತು: "ಇಲ್ಲಿ ಚೆಂದ ಉಂಟಾ ಮಾಣಿ?" ಉಂಟು ಎನ್ನುತ್ತಿದ್ದ. ಅತ್ತೆ ನಗುತ್ತಿದ್ದಳು, ಮಾವ ಎಲೆಯಡಿಕೆಯ ತಟ್ಟೆ ಮುಂದೆ ಸರಿಸುತ್ತಿದ್ದ, ಮಾತು ಬೇರೆಡೆಗೆ ಹೋಗುತ್ತಿತ್ತು. ಚೆಂದ ಉಂಟು, ಆದರೆ ಅಮ್ಮನನ್ನು ಯಾಕೆ ಒಬ್ಬಳನ್ನೇ ಅಲ್ಲಿ ಬಿಟ್ಟಿದ್ದೀರಿ, ಎಂದು ಕೇಳುವ ತನಕ ಯಾರೂ ನಿಲ್ಲುತ್ತಿರಲಿಲ್ಲ. ಮಕ್ಕಳ ಉತ್ತರದಲ್ಲಿ ದೊಡ್ಡವರಿಗೆ ಬೇಕಾದದ್ದು ಮೊದಲ ತುಂಡು ಮಾತ್ರ. ಇದು ಗೊತ್ತಿದ್ದವನೇ ಆ ದಿನ ಅವಳ ಪಕ್ಕದಲ್ಲಿ ನಿಂತಿದ್ದ. ಗೊತ್ತಿಲ್ಲದವನಾಗಿದ್ದರೆ ಒಂದು ಪಕ್ಷ ಪೂರ್ತಿ ಹೇಳಿಬಿಡುತ್ತಿದ್ದನೋ ಏನೋ.

ಭಾನುವಾರ ಅವನು ಕಡಬದ ಬಸ್ಸು ಹತ್ತಿದ. ಕೌಸಲ್ಯಾಳಿಗೆ ಕೋರ್ಟಿನ ಕೆಲಸ ಎಂದು ಹೇಳಿದ, ಅದು ಪೂರ್ತಿ ಸುಳ್ಳೂ ಅಲ್ಲ. ಸುಬ್ರಹ್ಮಣ್ಯಕ್ಕೆ ಹೊರಟ ಯಾತ್ರಿಕರು ಬಸ್ಸಿನ ತುಂಬ. ಪಕ್ಕದಲ್ಲಿ ಕುಳಿತವಳ ಮಡಿಲ ಮಗು ಅವನ ಮೊಣಕೈಗೆ ತಲೆಯಿಟ್ಟು ನಿದ್ದೆ ಹೋಯಿತು. ಎಚ್ಚರವಾದೀತೆಂದು ಅವನು ಕಡಬದ ತನಕ ಕೈ ಅಲುಗಿಸಲಿಲ್ಲ, ಇಳಿಯುವಾಗ ಕೈ ಮರಗಟ್ಟಿತ್ತು. ಕೋಡಿಂಬಾಳದಲ್ಲಿ ಚಾಪೆಯ ಪೂವಕ್ಕನ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು. ಮುಳಿಹುಲ್ಲಿನ ಸಣ್ಣ ಮನೆ, ಸೆಗಣಿ ಸಾರಿಸಿದ ಜಗಲಿ. ಅವಳು ಅಂಗಳದಲ್ಲಿ ಕುಳಿತು ಚಾಪೆ ಹೆಣೆಯುವ ಮುಂಡಕನ ಓಲೆಯ ಮುಳ್ಳು ಸವರುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇವನ ಜನಿವಾರ ಕಂಡು ಎದ್ದು ದೂರ ಸರಿದು ನಿಂತಳು. ಯಾರು, ಎಂತ ಎಂದು ಕೇಳುವ ಮೊದಲೇ ಎಳನೀರಿನ ಬೊಂಡ ತಂದು ಕೆತ್ತಿ, ಅವನ ಕೈಗೆ ಕೊಡದೆ ಜಗಲಿಯ ಅಂಚಿನಲ್ಲಿಟ್ಟಳು. ತಾನು ಮುಟ್ಟಿದ ಪಾತ್ರೆಯ ನೀರು ಇವನಿಗೆ ಆಗುವುದಿಲ್ಲ ಎಂಬುದು ಅವಳ ಲೆಕ್ಕ. ಅವನು ಕುಡಿದ. ಆಮೇಲೆ, ಕುಡಿದ ತಪ್ಪಿಗೆ ಎಂಬಂತೆ, ಒಂದೇ ಉಸಿರಿಗೆ ಹೇಳಿದ.

"ನಾನು ಆ ದಿನ ಕೋರ್ಟಿನಲ್ಲಿ ತುಳು ಕನ್ನಡ ಮಾಡಿ ಹೇಳಿದವ. ಸೀತು ಅಪ್ಪನ ಜೊತೆ ಹೋಗ್ತೇನೆ ಅಂತ ಮಾತ್ರ ಹೇಳಿದ್ದಲ್ಲ. ಅಪ್ಪೆಯೂ ಬರ್ಬೇಕು, ಅಪ್ಪೆ ಬಾರದೆ ನಾನು ಹೋಗುದಿಲ್ಲ ಅಂತ ಹೇಳಿದ್ದಾಳೆ. ನಾನು ಅದನ್ನು ಜಡ್ಜಿಗೆ ಹೇಳ್ಲಿಲ್ಲ. ನನ್ನ ಕಿವಿಯಲ್ಲಿ ಹೇಳಿದ್ದು, ಬೇರೆ ಯಾರಿಗೂ ಗೊತ್ತಿಲ್ಲ. ಅವಳ ಮೇಲೆ ನೋವಿಟ್ಟುಕೊಳ್ಬೇಡಿ."

ಪೂವಕ್ಕ ಕತ್ತಿಯನ್ನು ನೆಲಕ್ಕಿಟ್ಟಳು. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡ. ಎರಡಕ್ಕೂ ತಯಾರಾಗಿಯೇ ಬಂದಿದ್ದ.

"ನನಗೆ ಕೇಳಿತ್ತು ಅಯ್ಯ," ಎಂದಳು.

"ನೀವು ಬಾಗಿಲ ಹತ್ರ ಇದ್ದದ್ದು."

"ಬಾಗಿಲ ಹತ್ರವೇ. ಒಂಬತ್ತು ವರ್ಷ ಅವಳ ಗುಸುಗುಸು ಕೇಳಿ ಅಭ್ಯಾಸ ಆದ ಕಿವಿ. ಒಂದಕ್ಷರ ಬಿಡದೆ ಕೇಳಿತು." ಅವಳು ಓಲೆಯೊಂದನ್ನು ಎತ್ತಿ ಬೆರಳಿಗೆ ಸುತ್ತತೊಡಗಿದಳು. "ಆ ದಿನ ಬೆಳಿಗ್ಗೆ ಗೌಡರ ವಕೀಲರು ನನ್ನನ್ನು ಕೇಳಿದ್ರು. ನಾಳೆ ಈ ಹುಡುಗಿಗೆ ಮದುವೆ ಅಂತ ಆಗ್ಬೇಕಲ್ಲ, ನಿನ್ನ ಜಾತಿಯವರು ಮಾಡಿಕೊಳ್ತಾರಾ, ಅವರ ಜಾತಿಯವರು ಮಾಡಿಕೊಳ್ತಾರಾ, ಹೇಳು ಅಂತ. ನನಗೆ ಹೇಳ್ಲಿಕ್ಕೆ ಆಗ್ಲಿಲ್ಲ. ಅದೇ ತಲೆಯಲ್ಲಿ ತಿರುಗ್ತಾ ಇತ್ತು. ನೀವು ಅರ್ಧ ಹೇಳಿ ನಿಲ್ಲಿಸಿದ್ರಿ. ಮುಂದೆ ಹೇಳ್ತೀರಿ ಅಂತ ನಾನು ನಿಮ್ಮ ಬಾಯಿಯನ್ನೇ ನೋಡ್ತಾ ನಿಂತೆ. ನೀವು ಹೇಳ್ಲಿಲ್ಲ. ಆಗ ನನಗೆ ಕಂಡಿತು, ಇವರು ಓದಿದವರು, ಮಗುವಿನ ಮಾತು ಸುಮ್ಮನೆ ನುಂಗುವವರಲ್ಲ. ಹೋಗುದರಲ್ಲೇ ಅವಳಿಗೆ ಒಳ್ಳೇದುಂಟು ಅಂತ ಕಂಡೇ ಉಳಿದದ್ದನ್ನು ಬಿಟ್ಟಿದ್ದಾರೆ ಅಂತ. ಹಾಗೆ ನಾನೂ ಬಾಯಿ ಮುಚ್ಚಿದೆ."

ಯಜ್ಞೇಶ್ವರನಿಗೆ ಎದ್ದು ಹೋಗಬೇಕೆನಿಸಿತು. ಅವಳು ಕೊಟ್ಟದ್ದನ್ನು ತೆಗೆದುಕೊಂಡು, ಹೌದು, ಹಾಗೆಯೇ ಎಣಿಸಿದ್ದೆ ಎಂದು ಹೇಳಿಬಿಟ್ಟರೆ ಇಬ್ಬರಿಗೂ ಹಗುರವಾಗುತ್ತಿತ್ತು. ಜಗಲಿಯ ಕಂಬಕ್ಕೆ ಅರ್ಧ ಹೆಣೆದ ಚಾಪೆ ಒರಗಿಸಿಟ್ಟಿತ್ತು.

"ಹಾಗಲ್ಲ," ಎಂದ. "ಜಡ್ಜಿ ಆಗಷ್ಟೇ ಬೈದಿದ್ರು. ಉದ್ದ ಮಾಡ್ಬೇಡ ಅಂತ. ಇನ್ನೊಮ್ಮೆ ಬೈತಾರೆ ಅಂತ ಹೆದರಿದೆ."

ಅವಳು ಮೊದಲ ಸಲ ಅವನ ಮುಖವನ್ನು ನೇರ ನೋಡಿದಳು.

"ಅಷ್ಟೆಯಾ?"

"ಅಷ್ಟೆ."

ಕೋಳಿಯೊಂದು ಓಲೆಯ ಚೂರುಗಳನ್ನು ಕೆದಕುತ್ತ ಅವಳ ಕಾಲ ಹತ್ತಿರ ಬಂತು, ಅವಳು ಓಡಿಸಲಿಲ್ಲ. ಒಂಬತ್ತು ವರ್ಷ ಅವಳು ಯಾವುದೋ ದೊಡ್ಡ ತಿಳಿವಳಿಕೆಗೆ ತಲೆಬಾಗಿದ್ದೇನೆಂದು ನಂಬಿ ಬದುಕಿದ್ದಳು. ಅದನ್ನೂ ಕಿತ್ತುಕೊಂಡದ್ದಾಯಿತು ಎಂದು ಅವನಿಗೆ ಹೊಳೆದದ್ದು ಆಗ. ಸತ್ಯ ಹೇಳಲು ಬಂದವನು ಯಾರ ಭಾರ ಇಳಿಸಲು ಬಂದಿದ್ದೆ ಎಂದು ಕೇಳಿಕೊಂಡು ನಾಚಿದ.

"ಹೋದ ತಿಂಗಳು ಬಂದಿದ್ದಳು," ಎಂದಳು ಪೂವಕ್ಕ, ಕೋಳಿಗೆ ಹೇಳುವ ಹಾಗೆ. "ಅಂಗಳದ ದಣಪೆ ದಾಟಿ ಓಡಿಕೊಂಡು ಬಂದಳು. ತಬ್ಬಿಕೊಳ್ಳಲಿಕ್ಕೆ ಕೈಯೇ ಬರ್ಲಿಲ್ಲ ನನಗೆ. ಕೇಳಿಯೂ ಸುಮ್ಮನೆ ನಿಂತವಳು ಯಾವ ಕೈಯಿಂದ ತಬ್ಬುದು? ಎಂತ ಮಾಡುದು ಗೊತ್ತಾಗದೆ ಒಳಗೆ ಹೋಗಿ ಬೆಲ್ಲ ನೀರು ತಂದಿಟ್ಟೆ. ಅವಳು ಮುಟ್ಲಿಲ್ಲ."

"ಅವಳಿಗೆ ಎಲ್ಲ ಹೇಳ್ಬೇಕು ಅಂತ ಉಂಟು ನನಗೆ. ಮಂಗಳವಾರ ಬರ್ತಾಳೆ."

"ನಿಮ್ಮದು ಹೇಳಿ," ಎಂದಳು. ಆಮೇಲೆ ಎದ್ದು ಎರಡು ಹೆಜ್ಜೆ ಹತ್ತಿರ ಬಂದಳು. ಅಷ್ಟು ಹೊತ್ತು ಕಾಪಾಡಿಕೊಂಡಿದ್ದ ದೂರವನ್ನು ಮರೆತಿದ್ದಳು. "ನಿಮ್ಮದು ಹೇಳಿ ಅಯ್ಯ. ನನಗೆ ಕೇಳಿತ್ತು ಅಂತ ಮಾತ್ರ ಹೇಳ್ಬೇಡಿ. ಕೈ ಮುಗೀತೇನೆ."

ಮಂಗಳವಾರ ಸೀತು ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದಳು. ನೀಲಿ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಯಜ್ಞೇಶ್ವರ ಅವಳನ್ನು ಕಿಟಕಿಯ ಹತ್ತಿರ ನಿಲ್ಲಿಸದೆ ಒಳಗೆ ಕರೆದು ಸ್ಟೂಲು ಕೊಟ್ಟ. ನಕಲಿನ ಹಾಳೆಯನ್ನು ಮುಂದಿಟ್ಟ. ಅವಳು ಇಂಗ್ಲಿಷನ್ನು ಬೆರಳಿಟ್ಟು ಕೂಡಿಸಿ ಓದಿದಳು, ತುಟಿ ಅಲುಗುತ್ತಿತ್ತು. 'ಫಾದರ್' ಎಂಬ ಶಬ್ದದ ಮೇಲೆ ಬೆರಳು ನಿಂತಿತು. ಹಾಳೆ ತಿರುಗಿಸಿ ಹಿಂದೆ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಇಷ್ಟೆಯಾ ಸಾರ್?"

"ಬರೆದದ್ದು ಇಷ್ಟೆ."

"ಹಾಗಾದ್ರೆ ನಾನು ಇಷ್ಟೇ ಹೇಳಿದ್ದು," ಎಂದಳು. ಧ್ವನಿ ಒಡೆಯಲಿಲ್ಲ, ತೀರ ತಗ್ಗಿತು. "ಚಿಕ್ಕಮ್ಮ ಯಾವಾಗಲೂ ಹೇಳ್ತಾರೆ, ನೀನು ಆಮೇಲೆ ಕಟ್ಟಿಕೊಂಡ ಕತೆ ಅದು ಅಂತ. ಫ್ರಾಕು ಕಂಡು ಆಸೆಯಾಗಿ ಹೋಗ್ತೇನೆ ಅಂತ ಹೇಳಿರ್ಬೇಕು ನಾನು. ಸಣ್ಣವಳಲ್ವಾ." ಹಾಳೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚತೊಡಗಿದಳು. ಕಾಗದದ ಮುಂದೆ ಅವಳ ನೆನಪು ಅಷ್ಟು ಬೇಗ, ಅಷ್ಟು ವಿಧೇಯವಾಗಿ ಸೋತು ಕುಳಿತುಬಿಟ್ಟಿತು.

"ಇಲ್ಲ," ಎಂದ. "ನೀವು ಹೇಳಿದ್ದು ಇಷ್ಟೇ ಅಲ್ಲ."

ಅವನು ಹೇಳಿದ. ಈ ಸಲ ಒಂದೇ ಉಸಿರಿಗೆ ಹೇಳಲಿಲ್ಲ. ಅವಳು ಹೇಳಿದ್ದನ್ನು ಮೊದಲು ಅವಳ ತುಳುವಿನಲ್ಲೇ, ಅವಳು ನಿಲ್ಲಿಸಿದಲ್ಲಿ ನಿಲ್ಲಿಸಿ ಹೇಳಿದ. ಆಮೇಲೆ ತಾನು ಜಡ್ಜಿಗೆ ಹೇಳಿದ್ದನ್ನು. ಅವಳು ಮಡಚುವುದನ್ನು ನಿಲ್ಲಿಸಿ ಅವನ ಗದ್ದವನ್ನು, ಬಾಯಿಯನ್ನು, ಕಿವಿಯನ್ನು ಒಂದೊಂದಾಗಿ ನೋಡಿದಳು.

"ಕೋಟು ಹಾಕಿದವರು," ಎಂದಳು.

"ಹೌದು."

"ಹೋದ ವಾರ ಕೇಳಿದಾಗ ಹೇಳ್ಲಿಲ್ಲ."

"ಹೇಳ್ಲಿಲ್ಲ."

"ನೀವು ಇಷ್ಟು ವರ್ಷವೂ ಇಲ್ಲೇ ಇದ್ರಾ ಸಾರ್?"

"ಇಲ್ಲೇ."

"ಪ್ರತಿ ದಿನ ಬರ್ತಿದ್ರಾ? ಈ ಕೋಣೆಗೆ?"

"ಪ್ರತಿ ದಿನ."

ಅವಳು ತಲೆದೂಗಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಯಾವುದೋ ದೂರವನ್ನು ಮನಸ್ಸಿನಲ್ಲೇ ಅಳೆಯುವವಳ ಹಾಗಿತ್ತು. ಮರ್ಕಂಜದಿಂದ ಪುತ್ತೂರಿಗೆ, ಪುತ್ತೂರಿನಿಂದ ಕೋಡಿಂಬಾಳಕ್ಕೆ. "ಚಿಕ್ಕಮ್ಮನ ನಾಲ್ಕು ಮಕ್ಕಳನ್ನು ಎತ್ತಿ ಆಡಿಸಿದ್ದು ನಾನೇ," ಎಂದಳು, ಸಂಬಂಧವಿಲ್ಲದವಳಂತೆ. "ಅಪ್ಪಯ್ಯ ಒಳ್ಳೆಯವರೇ. ಹೊಡೀಲಿಲ್ಲ, ಬೈಲಿಲ್ಲ. ಆದ್ರೆ ನಾನು ಎರಡು ವರ್ಷ ಬಾಗಿಲ ಹತ್ರವೇ ಮಲಗ್ತಿದ್ದೆ. ಅಪ್ಪೆ ಹಿಂದಿನಿಂದ ಬರ್ತಾರೆ, ಜಡ್ಜಿ ಹೇಳಿದ್ದಾರೆ ಅಂತ."

ಕ್ಷಮಿಸು ಎನ್ನುವ ಶಬ್ದ ಯಜ್ಞೇಶ್ವರನ ಬಾಯಿಗೆ ಬಂದದ್ದು ಮತ್ತೆ ತನಗಾಗಿಯೇ ಎನಿಸಿ ಅದನ್ನು ಬಿಟ್ಟ. ಬದಲು ಬಿಳಿಯ ಹಾಳೆಯೊಂದನ್ನು ತೆಗೆದು ಬರೆಯತೊಡಗಿದ. ಅವಳು ಹೇಳಿದ ಮೂರು ಮಾತುಗಳನ್ನು ತುಳುವಿನಲ್ಲಿ, ಕೆಳಗೆ ಕನ್ನಡದಲ್ಲಿ. ಇದರಲ್ಲಿ ಮೊದಲನೆಯದನ್ನು ಮಾತ್ರ ನಾನು ನ್ಯಾಯಾಧೀಶರಿಗೆ ತಿಳಿಸಿದೆ, ಉಳಿದ ಎರಡನ್ನು ತಿಳಿಸಲಿಲ್ಲ, ಎಂದು. ತಾರೀಕು, ಸಹಿ, ಹುದ್ದೆ. ಈ ಹಾಳೆ ಈಗಿನ ಜಡ್ಜಿಯವರ ಮೇಜಿಗೆ ಹೋದರೆ ಕೆಲಸ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಪೆನ್ಶನಿಗೆ ಇನ್ನೂ ಎಂಟು ವರ್ಷ. ಗೊತ್ತಿದ್ದೂ ಬರೆದು ಮುಗಿಸಿದ. ಧೈರ್ಯವಲ್ಲ ಅದು, ಆಯಾಸ. ಅವಳಿಗೆ ಅದೆಲ್ಲ ಹೊಳೆದಂತೆಯೇ ಕಾಣಲಿಲ್ಲ. ಹಾಳೆ ತೆಗೆದುಕೊಂಡು ಮೂರನೆಯ ಸಾಲನ್ನು ಎರಡು ಸಲ ಓದಿದಳು. ಮರ್ಕಂಜದ ಮನೆಯಲ್ಲಿ ಬಳಕೆ ತಪ್ಪಿ ಅವಳ ತುಳು ತೊದಲಿತ್ತು. ಹೊರಡಲು ಎದ್ದವಳು ಬಾಗಿಲ ಬಳಿ ನಿಂತಳು.

"ಅಪ್ಪೆ ಅಲ್ಲೇ ಇದ್ರಲ್ಲ ಸಾರ್, ಆ ದಿನ. ಅವರಿಗೆ ಕೇಳಿರ್ಲಿಕ್ಕಿಲ್ಲ ಅಲ್ವಾ?"

ಹೊರಗೆ ಮೊಯ್ದಿನಬ್ಬ ಯಾವುದೋ ಕೇಸಿನ ಹೆಸರು ಮೂರು ಸಲ ಕೂಗಿದ. ಕೂಗು ಮುಗಿಯುವ ತನಕ ಯಜ್ಞೇಶ್ವರ ಕಾದ.

"ಇಲ್ಲ," ಎಂದ. "ಅವರು ಬಾಗಿಲ ಹತ್ರ ಇದ್ದದ್ದು. ಅಷ್ಟು ದೂರಕ್ಕೆ ಕೇಳುವ ಹಾಗಿರ್ಲಿಲ್ಲ."

ಅವಳ ಮುಖ ಸಡಿಲವಾಯಿತು. ಕಣ್ಣು ತುಂಬಿದ್ದು ಆಗಲೇ. ಹಾಳೆಯನ್ನು ಚೀಲದೊಳಗಿಡದೆ ಕೈಯಲ್ಲೇ ಹಿಡಿದುಕೊಂಡಳು.

"ನಾನು ಓದಿ ಹೇಳ್ತೇನೆ ಅವರಿಗೆ," ಎಂದಳು. "ಅವರಿಗೆ ಓದ್ಲಿಕ್ಕೆ ಬರುದಿಲ್ಲ. ಕಡಬಕ್ಕೆ ಈಗ ಬಸ್ಸು ಎಷ್ಟು ಗಂಟೆಗೆ ಉಂಟು ಸಾರ್?"

"ಹನ್ನೊಂದೂವರೆಗೆ," ಎಂದ.

ಅವಳು ಮೆಟ್ಟಿಲಿಳಿದು ಬಿಸಿಲಿಗೆ ಹೋದಳು. ಈ ಸಲ ಹಿಂದಿರುಗಿ ನೋಡಲಿಲ್ಲ. ಕಿಟಕಿಯ ಸರಳುಗಳ ನಡುವೆ ಬೇರೆ ಯಾರದೋ ಕೈ, ಬೇರೆ ಅರ್ಜಿ ಬಂದು ಬಹಳ ಹೊತ್ತಿನಿಂದ ಕಾಯುತ್ತಿತ್ತು. ಯಜ್ಞೇಶ್ವರ ಅತ್ತ ತಿರುಗಲಿಲ್ಲ. ಕೋಡಿಂಬಾಳದ ಅಂಗಳದಲ್ಲಿ ಮಧ್ಯಾಹ್ನದ ಹೊತ್ತಿಗೆ ಮುದುಕಿಯೊಬ್ಬಳು ಕತ್ತಿ ಕೆಳಗಿಟ್ಟು ಕುಳಿತುಕೊಳ್ಳುತ್ತಾಳೆ; ಎದುರಿಗೆ ಹುಡುಗಿ ತೊದಲುತ್ತ ಓದುತ್ತಾಳೆ; ಪ್ರತಿಯೊಂದು ಶಬ್ದವನ್ನೂ ಈಗಷ್ಟೇ ಮೊದಲ ಸಲ ಕೇಳುತ್ತಿರುವವಳ ಹಾಗೆ ಆ ಮುದುಕಿ ಕೇಳಬೇಕು.